ಒಂಬತ್ತು ಅಂಕಿ ಓದಿ ಹೇಳುವ ಅಭ್ಯಾಸ ಬಿಡಿಸೋಣ

ವಿದೇಶದಿಂದ ಮನೆಗೆ ಫೋನ್ ಮಾಡಿದಾಗ ಊಟ ಆಯಿತಾ, ಮಳೆ ಬಂತಾ, ಬಿಪಿ ಮಾತ್ರೆ ತಗೊಂಡ್ರಾ ಎಂಬ ಪ್ರಶ್ನೆಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸೇರಿಕೊಂಡಿದೆ: ‘ರೂಟರಿನ ಮೇಲೆ ಎಷ್ಟು ದೀಪ ಉರೀತಿದೆ ನೋಡಿ?’ ಮಗ ದೋಹಾದಲ್ಲೋ ಮ್ಯೂನಿಕ್‌ನಲ್ಲೋ ಇರುತ್ತಾನೆ. ಊರ ಮನೆಯ ಮೂಲೆಯಲ್ಲಿ ಅವನೇ ಕೊಡಿಸಿದ ಕಂಪ್ಯೂಟರ್, ಸಿಸಿ ಕ್ಯಾಮೆರಾದ ಡಿವಿಆರ್, ವೈಫೈ ಪೆಟ್ಟಿಗೆ. ತೋಟದ ಲೆಕ್ಕ, ಮೊಮ್ಮಕ್ಕಳ ಫೋಟೊ, ಪಹಣಿಯ ಸ್ಕ್ಯಾನ್ ಪ್ರತಿ ಎಲ್ಲವೂ ಅದರಲ್ಲೇ. ದಿನಕ್ಕೆ ಹತ್ತು ನಿಮಿಷ ಯಾರಾದರೂ ಅದರ ಮುಂದೆ ಕೂತರೆ ಹೆಚ್ಚು. ಉಳಿದ ಹೊತ್ತು ಅದು ಅನಾಥ. ಅದು ಕೈಕೊಟ್ಟ ದಿನ ಎಬ್ಬಿಸುವವರು ಯಾರು?

ಮಸ್ಕತ್‌ನ ಕಂಪನಿಯೊಂದರಲ್ಲಿ ಹನ್ನೆರಡು ವರ್ಷಗಳಿಂದ ನನ್ನ ಕೆಲಸವೇ ಇದು. ಯಾರೂ ಕೂರದ ಕಂಪ್ಯೂಟರುಗಳನ್ನು ದೂರದಿಂದ ನೋಡಿಕೊಳ್ಳುವುದು, ನಿಂತರೆ ಮತ್ತೆ ಚಾಲೂ ಮಾಡುವುದು. ಹಾಗಾಗಿ ರಜೆಗೆ ಊರಿಗೆ ಬಂದಾಗಲೆಲ್ಲ ಪರಿಚಯದವರ ಮನೆಗಳಿಂದ ಕರೆ ಬರುತ್ತದೆ. ಹೋದರೆ ಹೆಚ್ಚಿನ ಕಡೆ ಕಾಣುವುದು ಒಂದೇ ವ್ಯವಸ್ಥೆ. ಕಂಪ್ಯೂಟರಿಗೆ ತೊಂದರೆಯಾದಾಗ ಅಪ್ಪ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ತೆರೆಯಬೇಕು, ಪರದೆಯ ಮೇಲೆ ಕಾಣುವ ಒಂಬತ್ತೋ ಹತ್ತೋ ಅಂಕಿಯ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಬೇಕು, ‘ಅಕ್ಸೆಪ್ಟ್’ ಒತ್ತಬೇಕು, ಆಮೇಲೆ ಮಗ ಅಲ್ಲಿಂದ ಸರಿಮಾಡುತ್ತಾನೆ. ಇದು ಸುರಕ್ಷಿತ ಎಂದು ಬಹಳ ಜನ ನಂಬಿದ್ದಾರೆ, ಏಕೆಂದರೆ ಅಪ್ಪ ಒಪ್ಪದೆ ಯಾರೂ ಒಳಗೆ ಬರಲಾರರು.

ನನಗೆ ಇದು ಮನೆಯಲ್ಲಿ ಇರಬಾರದ ಅತ್ಯಂತ ಅಪಾಯದ ವ್ಯವಸ್ಥೆ ಅನ್ನಿಸುತ್ತದೆ. ತಾಂತ್ರಿಕ ಕಾರಣಕ್ಕಲ್ಲ, ಅಭ್ಯಾಸದ ಕಾರಣಕ್ಕೆ.

2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆ ಒಂದು ಎಚ್ಚರಿಕೆ ಕಳಿಸಿತ್ತು. ಎನಿಡೆಸ್ಕ್ ಹಾಕಿಸಿ, ಅದರಲ್ಲಿ ಮೂಡುವ ಒಂಬತ್ತು ಅಂಕಿಯ ಸಂಖ್ಯೆ ಕೇಳಿ, ಗ್ರಾಹಕರ ಫೋನಿನ ಹಿಡಿತ ಪಡೆದು ಖಾತೆಯಿಂದ ಹಣ ಎತ್ತುತ್ತಿದ್ದಾರೆ ಎಂಬುದು ಅದರ ಸಾರ. ಅಂದರೆ ಕಳ್ಳ ಕೇಳುವುದೂ ಅದೇ ಸಂಖ್ಯೆಯನ್ನು, ಮಗ ಕೇಳುವುದೂ ಅದನ್ನೇ. ತಿಂಗಳಿಗೆ ಎರಡು ಸಲ ಮಗನಿಗೆ ಓದಿ ಹೇಳಿ ಹೇಳಿ ಅಪ್ಪನ ನಾಲಿಗೆಗೆ ಅದು ರೂಢಿಯಾಗಿರುತ್ತದೆ. ನಾಳೆ ಬ್ಯಾಂಕಿನವನೆಂದೋ ಕರೆಂಟ್ ಆಫೀಸಿನವನೆಂದೋ ಹೇಳಿಕೊಂಡು ಒಬ್ಬ ಫೋನ್ ಮಾಡಿ, ‘ಸಾರ್, ಆ ಕೆಂಪು ಚಿತ್ರ ಒತ್ತಿ, ನಂಬರ್ ಓದಿ’ ಎಂದರೆ ಅಪ್ಪನಿಗೆ ಅದರಲ್ಲಿ ಹೊಸದೇನೂ ಕಾಣುವುದಿಲ್ಲ. ನಾವೇ ತರಬೇತಿ ಕೊಟ್ಟು ಕಳ್ಳನ ಕೈಗೆ ಒಪ್ಪಿಸಿದ ಹಾಗೆ. ಮಕ್ಕಳು ಹೊರದೇಶದಲ್ಲಿರುವ ಮನೆ ಎಂದರೆ ಖಾತೆಯಲ್ಲಿ ದುಡ್ಡಿರುತ್ತದೆ, ಮನೆಯಲ್ಲಿ ವಯಸ್ಸಾದವರಿರುತ್ತಾರೆ ಎಂಬ ಲೆಕ್ಕಾಚಾರ ಅವನಿಗೂ ಗೊತ್ತು. ಈಗಂತೂ ವಾಟ್ಸ್ಆ್ಯಪ್ ವಿಡಿಯೊ ಕರೆಯಲ್ಲೇ ಪರದೆ ಹಂಚಿಕೊಳ್ಳುವ ಸೌಲಭ್ಯ ಇದೆ. ಬೇರೆ ಆ್ಯಪ್ ಹಾಕಿಸುವ ಕಷ್ಟವೂ ಬೇಡ. ‘ಡಿಜಿಟಲ್ ಅರೆಸ್ಟ್’ ಹೆಸರಿನ ಮೋಸ ಎಷ್ಟು ಹಬ್ಬಿತೆಂದರೆ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ‘ಮನ್ ಕಿ ಬಾತ್’ನಲ್ಲಿ ಅದರ ಬಗ್ಗೆ ಹೇಳಬೇಕಾಯಿತು.

ಹಾಗಾಗಿ ನನ್ನ ಅಭಿಪ್ರಾಯ ವಾಡಿಕೆಗೆ ಉಲ್ಟಾ. ಮಗನೋ ಮಗಳೋ ರಜೆಯಲ್ಲಿ ಬಂದಾಗ ಆ ಕಂಪ್ಯೂಟರಿಗೆ ತಾನೇ ದೂರದಿಂದ ಪ್ರವೇಶಿಸುವ ಶಾಶ್ವತ ಏರ್ಪಾಡನ್ನು ಒಂದು ಸಲ ಮಾಡಿಬಿಡಲಿ. ಅಲ್ಲಿಂದ ಮುಂದೆ ಮನೆಯವರು ಯಾವ ಸಂಖ್ಯೆಯನ್ನೂ ಓದಬೇಕಿಲ್ಲ, ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಆಗ ಮನೆಯ ನಿಯಮ ಸರಳವಾಗುತ್ತದೆ: ಫೋನಿನಲ್ಲಿ ಸಂಖ್ಯೆ ಓದಲು ಹೇಳಿದವನು ಯಾರೇ ಆಗಲಿ, ದನಿ ನನ್ನದೇ ಆಗಿರಲಿ, ಅವನು ಕಳ್ಳ. ‘ಮಗನಾದರೆ ಹೇಳಬಹುದು, ಬೇರೆಯವರಾದರೆ ಬೇಡ’ ಎಂಬ ನಿಯಮಕ್ಕಿಂತ ಇದು ನೆನಪಿಟ್ಟುಕೊಳ್ಳಲು ಸುಲಭ. ಗಾಬರಿಯಲ್ಲಿರುವವರಿಗೆ ವಿನಾಯಿತಿಗಳು ನೆನಪಾಗುವುದಿಲ್ಲ.

ಇದಕ್ಕೆ ದುಬಾರಿ ಸಾಮಾನು ಬೇಡ. ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಉಚಿತ. ಗೂಗಲ್ ಖಾತೆ ಮತ್ತು ಕನಿಷ್ಠ ಆರು ಅಂಕಿಯ ಗುಟ್ಟಿನ ಪಿನ್ ಇದ್ದರೆ ಸಾಕು, ಮೊಬೈಲಿನಿಂದಲೂ ನಡೆಯುತ್ತದೆ. ಲೇಬರ್ ಕ್ಯಾಂಪಿನಲ್ಲಿರುವ, ಸ್ವಂತ ಲ್ಯಾಪ್‌ಟಾಪ್ ಇಲ್ಲದ ನಮ್ಮ ಹುಡುಗರಿಗೆ ಇದು ಮುಖ್ಯ. ಎನಿಡೆಸ್ಕ್, ಟೀಮ್‌ವ್ಯೂವರ್‌ಗಳಲ್ಲೂ ಯಾರೂ ಇಲ್ಲದಾಗ ಪ್ರವೇಶಿಸಲು ಕಾಯಂ ಪಾಸ್‌ವರ್ಡ್ ಇಡುವ ಸೌಲಭ್ಯವಿದೆ. ಮುಕ್ತ ತಂತ್ರಾಂಶ ಬೇಕೆನ್ನುವವರಿಗೆ ರಸ್ಟ್‌ಡೆಸ್ಕ್ ಇದೆ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ ಹೋಮ್ ಆವೃತ್ತಿಯಲ್ಲಿ ಹೊರಗಿನಿಂದ ಪ್ರವೇಶ ಕೊಡುವುದಿಲ್ಲ. ಪ್ರೊ ಆವೃತ್ತಿಯಲ್ಲಿ ಕೊಟ್ಟರೂ ಅದನ್ನು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಡುವುದು ಹೆಬ್ಬಾಗಿಲಿಗೆ ಚಿಲಕ ಹಾಕದೆ ಜಾತ್ರೆಗೆ ಹೋದ ಹಾಗೆ.

ಯಾವುದನ್ನೇ ಆರಿಸಿದರೂ ಒಂದು ಸೂಕ್ಷ್ಮ ಗಮನಿಸಬೇಕು. ತಂತ್ರಾಂಶವನ್ನು ಸುಮ್ಮನೆ ತೆರೆದು ಬಳಸುವುದು ಬೇರೆ, ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಇನ್‌ಸ್ಟಾಲ್ ಮಾಡುವುದು ಬೇರೆ. ಇನ್‌ಸ್ಟಾಲ್ ಮಾಡಿದ್ದರೆ ಅದು ವಿಂಡೋಸ್ ಜೊತೆಗೇ ಎದ್ದು, ಯಾರೂ ಲಾಗಿನ್ ಆಗುವ ಮೊದಲೇ ನಮ್ಮ ಕರೆಗೆ ಓಗೊಡುತ್ತದೆ. ಮಾಡದಿದ್ದರೆ, ಮಧ್ಯರಾತ್ರಿ ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ ಮರುಕ್ಷಣದಿಂದ ಸಂಪರ್ಕ ಕಡಿದುಹೋಗುತ್ತದೆ. ಕಂಪ್ಯೂಟರ್ ಓಡುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ನಮಗೆ ಮಾತ್ರ ಬಾಗಿಲು ಮುಚ್ಚಿರುತ್ತದೆ. ಹಾಗೆಯೇ ನಿದ್ರೆಗೆ ಜಾರುವ ಸೆಟ್ಟಿಂಗ್ ತೆಗೆದುಹಾಕಬೇಕು. ಪರದೆ ಬೇಕಾದರೆ ಮಲಗಲಿ, ಯಂತ್ರ ಮಲಗಬಾರದು.

ಇಷ್ಟಾದರೂ ನಿಜವಾದ ವೈರಿ ಬೇರೆ ಇದೆ: ಕರೆಂಟು.

ನಮ್ಮ ಮನೆ ಇರುವುದು ಬೆಳ್ತಂಗಡಿ ತಾಲ್ಲೂಕಿನಲ್ಲಿ. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ, ಮತ್ತೆ ಅಕ್ಟೋಬರ್‌ನಲ್ಲಿ, ಸಂಜೆಯ ಗುಡುಗು ಸಿಡಿಲು ಹೇಗಿರುತ್ತದೆಂದು ಕರಾವಳಿ, ಮಲೆನಾಡಿನವರಿಗೆ ಹೇಳಬೇಕಿಲ್ಲ. ಮೋಡ ಗುಡುಗಿದೊಡನೆ ಅಮ್ಮ ಮನೆಯ ಎಲ್ಲ ಪ್ಲಗ್ಗುಗಳನ್ನು ಕಿತ್ತಿಡುತ್ತಾರೆ. ಹೊರದೇಶದಲ್ಲಿ ಕೂತ ಮಕ್ಕಳು ಇದಕ್ಕೆ ರೇಗುವುದನ್ನು ಕೇಳಿದ್ದೇನೆ. ‘ಎಷ್ಟು ಸಲ ಹೇಳಿದ್ದೇನೆ, ವೈಫೈ ಆಫ್ ಮಾಡಬೇಡಿ ಅಂತ!’ ಅಮ್ಮ ಮಾಡುವುದೇ ಸರಿ. ಈಗಿನ ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಸಿಡಿಲಿನ ಹೊಡೆತ ಕರೆಂಟಿನ ತಂತಿಯಲ್ಲಿ ಬಂದು ಅಡಾಪ್ಟರ್ ಮೂಲಕ ಪೆಟ್ಟಿಗೆಯನ್ನು ಸುಡುತ್ತದೆ. ಹಳೆಯ ಲ್ಯಾಂಡ್‌ಲೈನಿನ ತಾಮ್ರದ ತಂತಿಯ ಕಾಲದಲ್ಲಿ ಎರಡೂ ಕಡೆಯಿಂದ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಪ್ಲಗ್ ಕೀಳುವುದನ್ನು ನಿಲ್ಲಿಸಬೇಡಿ. ಕಿತ್ತು ಮತ್ತೆ ಹಾಕಿದಾಗ ಎಲ್ಲವೂ ತಾನಾಗಿಯೇ ಎದ್ದು ನಿಲ್ಲುವಂತೆ ಮಾಡುವುದು ಮಕ್ಕಳ ಕೆಲಸ.

ಅದಕ್ಕೊಂದು ಸಣ್ಣ ಸೆಟ್ಟಿಂಗ್ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್ ಆನ್ ಆಗುವಾಗಲೇ ಡಿಲೀಟ್ ಅಥವಾ ಎಫ್-2 ಕೀಲಿ ಒತ್ತಿದರೆ ಬಯೋಸ್ ಎಂಬ ಪುಟ ಬರುತ್ತದೆ. ಅಲ್ಲಿ ವಿದ್ಯುತ್ ಹೋಗಿ ಬಂದ ಮೇಲೆ ಏನು ಮಾಡಬೇಕು ಎಂಬ ಆಯ್ಕೆ ಇರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ‘ಎಸಿ ಪವರ್ ಲಾಸ್’ ಅಥವಾ ‘ಆಫ್ಟರ್ ಪವರ್ ಫೇಲ್ಯೂರ್’ ಎಂಬ ಮಾತು ಹುಡುಕಿ. ಅದನ್ನು ‘ಪವರ್ ಆನ್’ ಮಾಡಿಟ್ಟರೆ ಕರೆಂಟು ಬಂದೊಡನೆ ಯಾರೂ ಗುಂಡಿ ಒತ್ತದೆ ಕಂಪ್ಯೂಟರ್ ಚಾಲೂ ಆಗುತ್ತದೆ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಸದಾ ಚಾಲೂ ಇರಬೇಕಾದ ಕೆಲಸಕ್ಕೆ ಹಳೆ ಲ್ಯಾಪ್‌ಟಾಪಿಗಿಂತ ಹಳೆ ಡೆಸ್ಕ್‌ಟಾಪ್ ವಾಸಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈ ಸೆಟ್ಟಿಂಗ್ ಇದ್ದರೆ ಇನ್ನೊಂದು ಅನುಕೂಲ. ಮೊಬೈಲಿನಿಂದ ಆನ್ ಆಫ್ ಮಾಡಬಲ್ಲ ಸ್ಮಾರ್ಟ್ ಪ್ಲಗ್ ಹಾಕಿದರೆ, ಕಂಪ್ಯೂಟರ್ ಪೂರ್ತಿ ಹೆಪ್ಪುಗಟ್ಟಿ ಯಾವುದಕ್ಕೂ ಸ್ಪಂದಿಸದಾಗ ಅಲ್ಲಿಂದಲೇ ಕರೆಂಟು ತೆಗೆದು ಕೊಡಬಹುದು. ಡಿಸ್ಕಿಗೆ ಒಳ್ಳೆಯದಲ್ಲ, ಕೊನೆಯ ಉಪಾಯ. ಆದರೆ ಅದೇ ಪ್ಲಗ್ಗಿಗೆ ರೂಟರನ್ನು ಸಿಕ್ಕಿಸಿ ಫೋನಿನಿಂದ ಆಫ್ ಮಾಡುವುದು ಕೂತ ಕೊಂಬೆಯನ್ನೇ ಕಡಿದ ಹಾಗೆ. ರೂಟರ್ ಹೋದರೆ ವೈಫೈ ಹೋಯಿತು, ವೈಫೈ ಹೋದರೆ ‘ಮತ್ತೆ ಆನ್ ಆಗು’ ಎಂಬ ಮಾತು ಪ್ಲಗ್ಗಿಗೆ ತಲಪುವುದು ಹೇಗೆ? ರೂಟರಿಗೆ ಬೇಕಾದುದು ಗಡಿಯಾರ ಇರುವ ಟೈಮರ್ ಪ್ಲಗ್. ದಿನಕ್ಕೊಮ್ಮೆ, ಬೆಳಗಿನ ಜಾವ ಮೂರಕ್ಕೆ, ಕೆಲ ನಿಮಿಷ ಆರಿಸಿ ಹೊತ್ತಿಸಿದರೆ ಹೆಚ್ಚಿನ ರೂಟರುಗಳ ಜಡ್ಡು ಬಿಡುತ್ತದೆ. ಹಲ್ಲಿನ ಚಕ್ರ ತಿರುಗುವ ಅಗ್ಗದ ಟೈಮರ್ ಮಾತ್ರ ತರಬೇಡಿ. ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ನಮ್ಮ ಊರಿನ ಕಡಿತದಲ್ಲಿ ವಾರದೊಳಗೆ ಬೆಳಗಿನ ಮೂರು ಗಂಟೆ ಎಂಬುದು ಬೆಳಗಿನ ಒಂಬತ್ತಾಗಿ, ಅಕ್ಕನ ಮಗನ ಆನ್‌ಲೈನ್ ಪಾಠದ ನಡುವೆ ಇಂಟರ್ನೆಟ್ ಮಾಯವಾಗುತ್ತದೆ. ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೇಳಿ ತನ್ನಿ. ಜೊತೆಗೆ ಮನೆಯಲ್ಲಿ ಇನ್ವರ್ಟರ್ ಇದ್ದರೆ ರೂಟರನ್ನೂ ಫೈಬರಿನ ಪೆಟ್ಟಿಗೆಯನ್ನೂ ಅದೇ ಲೈನಿಗೆ ಹಾಕಿಸಿ. ಇಲ್ಲದಿದ್ದರೆ ರೂಟರಿಗೆಂದೇ ಬರುವ ಪುಟ್ಟ ಯುಪಿಎಸ್ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಒಬ್ಬರ ವಿಮಾನ ಟಿಕೆಟ್ಟಿನ ಲಗೇಜು ದಂಡಕ್ಕಿಂತ ಕಡಿಮೆ.

ಕ್ಯಾಮೆರಾದ ಡಿವಿಆರ್‌ನಲ್ಲಿ ವಾರಕ್ಕೊಮ್ಮೆ ತಾನೇ ರೀಬೂಟ್ ಆಗುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ, ಹಾಕಿಡಿ. ಅದರ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹೀಗೆ ಬದಲಿಸದೆ ಬಿಟ್ಟ ಕ್ಯಾಮೆರಾ, ಡಿವಿಆರ್‌ಗಳನ್ನೇ ಲಕ್ಷಗಟ್ಟಲೆ ವಶಪಡಿಸಿಕೊಂಡು ಅಮೆರಿಕದ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕೆಡವಿತ್ತು.

ಇನ್ನು ವೇಕ್-ಆನ್-ಲ್ಯಾನ್ ಎಂಬ ಹೆಸರು ಕೆಲವರು ಕೇಳಿರಬಹುದು. ಮಲಗಿರುವ ಕಂಪ್ಯೂಟರನ್ನು ಜಾಲದ ತಂತಿಯ ಮೂಲಕವೇ ತಟ್ಟಿ ಎಬ್ಬಿಸುವ ವಿದ್ಯೆ ಅದು. ಚೆನ್ನಾಗಿದೆ. ಆದರೆ ಆ ಕೂಗು ಮನೆಯೊಳಗಿನಿಂದ ಹೋಗಬೇಕು. ಮಸ್ಕತ್‌ನಿಂದ ಕೂಗಿದರೆ ರೂಟರಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಮೇಲಾಗಿ ನಮ್ಮಲ್ಲಿ ಅನೇಕ ಇಂಟರ್ನೆಟ್ ಕಂಪನಿಗಳು ಹಲವಾರು ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ ಕೊಡುವುದರಿಂದ ಹೊರಗಿನಿಂದ ನೇರ ಬಾಗಿಲು ತಟ್ಟಲು ಆಗುವುದೇ ಇಲ್ಲ. ಮನೆಯೊಳಗೆ ಸದಾ ಎದ್ದಿರುವ ಇನ್ನೊಂದು ಪುಟ್ಟ ಯಂತ್ರ ಇದ್ದರೆ ಸರಿ. ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಮತ್ತೆ ಹುಟ್ಟುತ್ತದೆ.

ದೊಡ್ಡ ಕಂಪನಿಗಳು ಹೇಗೆ ಮಾಡುತ್ತವೆ? ಅವುಗಳ ಸರ್ವರುಗಳ ಒಳಗೆ ಮುಖ್ಯ ಕಂಪ್ಯೂಟರಿಗೆ ಸಂಬಂಧವಿಲ್ಲದ ಇನ್ನೊಂದು ಮರಿ ಕಂಪ್ಯೂಟರ್ ಇರುತ್ತದೆ. ಮುಖ್ಯ ಯಂತ್ರ ಸತ್ತಿದ್ದರೂ ಇದು ಎಚ್ಚರವಾಗಿದ್ದು ಪರದೆ ತೋರಿಸುತ್ತದೆ, ಆರಿಸಿ ಹೊತ್ತಿಸುತ್ತದೆ. ಡೆಲ್‌ನವರು ಅದನ್ನು ಐಡ್ರಾಕ್ ಎನ್ನುತ್ತಾರೆ, ಎಚ್‌ಪಿಯವರು ಐಎಲ್‌ಒ. ಸಾಧಾರಣ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಪೈಕೆವಿಎಂ ತರಹದ ಪೆಟ್ಟಿಗೆಗಳೂ ಬಂದಿವೆ. ಅಡಿಕೆ ಮಂಡಿಯಲ್ಲಿ ಟ್ಯಾಲಿ ಓಡಿಸುವ, ಒಂದು ದಿನ ನಿಂತರೆ ಬಿಲ್ಲೇ ಹೊರಡದ ವ್ಯಾಪಾರಿಗೆ ಅದು ಬೇಕಾಗಬಹುದು. ಮನೆಗೆ ಬೇಡ. ಹುಡುಗರು ಹುಮ್ಮಸ್ಸಿನಲ್ಲಿ ಇವನ್ನೆಲ್ಲ ತಂದು ಜೋಡಿಸಿ ಹೋಗುತ್ತಾರೆ, ಆರು ತಿಂಗಳ ನಂತರ ಯಾವ ಪೆಟ್ಟಿಗೆ ಯಾವುದಕ್ಕೆಂದು ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಅಷ್ಟೆಲ್ಲ ಇದ್ದ ಕಂಪನಿಗಳಿಗೂ ಮನುಷ್ಯ ಬೇಕೇ ಆದ ದಿನಗಳಿವೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್ ಆರು ಗಂಟೆಗಳಷ್ಟು ಕಾಲ ಸ್ತಬ್ಧವಾದಾಗ ಎಂಜಿನಿಯರುಗಳು ದೂರದಿಂದ ಏನೂ ಮಾಡಲಾಗದೆ ಡೇಟಾ ಸೆಂಟರುಗಳಿಗೇ ಹೋಗಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ವಿಂಡೋಸೇ ಏಳದಿದ್ದ ಮೇಲೆ ಅದರೊಳಗಿನ ರಿಮೋಟ್ ತಂತ್ರಾಂಶ ಎಲ್ಲಿ ಏಳಬೇಕು? ಬಹಳಷ್ಟು ಕಡೆ ಒಬ್ಬೊಬ್ಬರೇ ಒಂದೊಂದು ಯಂತ್ರದ ಮುಂದೆ ಕೂತು ಸರಿಮಾಡಿದರು. ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ 48 ಅಂಕಿಯ ಕೀಲಿ ಬೇರೆ ಹುಡುಕಬೇಕಿತ್ತು. ಅಂದಹಾಗೆ, ನಿಮ್ಮ ಮನೆಯ ಹೊಸ ಲ್ಯಾಪ್‌ಟಾಪಿನಲ್ಲೂ ಆ ಬೀಗ ತಾನಾಗಿಯೇ ಬಿದ್ದಿರಬಹುದು. ಆ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಒಮ್ಮೆ ಬರೆಸಿ ಬೀರುವಿನಲ್ಲಿ ಚಿನ್ನದ ಪಕ್ಕ ಇಡಿ.

ಆದ್ದರಿಂದ ಎಲ್ಲ ಏರ್ಪಾಡಿನ ಮೇಲೂ ಊರಿನಲ್ಲಿ ಒಬ್ಬ ಮನುಷ್ಯ ಇರಬೇಕು. ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ, ಚಿಕ್ಕಪ್ಪನ ಮಗ, ಕೇಬಲ್ ಹಾಕಿದ ಹುಡುಗ, ಯಾರಾದರೂ ಸರಿ. ಇಲ್ಲಿ ನನಗೊಂದು ತಕರಾರಿದೆ. ಹೊರದೇಶದಲ್ಲಿರುವ ನಾವು ಸಾವಿರಾರು ರೂಪಾಯಿಯ ಸ್ಮಾರ್ಟ್ ಪ್ಲಗ್ಗು, ಕ್ಯಾಮೆರಾ ಕೊಳ್ಳುತ್ತೇವೆ, ಆದರೆ ಮಳೆಯಲ್ಲಿ ಬಂದು ಪ್ಲಗ್ ಹಾಕಿಕೊಡುವ ಹುಡುಗನಿಗೆ ಒಂದು ಚಾಕೊಲೇಟ್ ಪೊಟ್ಟಣದಲ್ಲಿ ಮುಗಿಸುತ್ತೇವೆ. ಅವನ ಹೊತ್ತಿಗೂ ಬೆಲೆಯಿದೆ. ಬಂದ ಸಲಕ್ಕಿಷ್ಟು ಎಂದು ಮಾತಾಡಿ ಕೊಡಿ, ಸಂಕೋಚ ಬೇಡ. ಅವನ ಕೆಲಸ ಸುಲಭವಾಗಲು ರೂಟರಿನ ಪ್ಲಗ್ಗಿಗೆ ಕೆಂಪು ಟೇಪು, ಕಂಪ್ಯೂಟರಿನದಕ್ಕೆ ಹಳದಿ ಟೇಪು ಸುತ್ತಿ. ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದ ಚೀಟಿ: ಮೊದಲು ಕೆಂಪು ತೆಗೆಯಿರಿ, ಎರಡು ನಿಮಿಷ ಬಿಟ್ಟು ಹಾಕಿ, ಐದು ನಿಮಿಷ ಕಾಯಿರಿ, ಆಮೇಲೆ ಹಳದಿ. ನೋಡಲು ಪೆದ್ದು ಅನ್ನಿಸಬಹುದು, ನಮ್ಮ ಕಂಪನಿಯ ಸರ್ವರ್ ಕೋಣೆಯಲ್ಲೂ ಇಂಥದೇ ಚೀಟಿ ಇದೆ.

ಶಾಶ್ವತ ಪ್ರವೇಶ ಎಂದರೆ ಮನೆಯ ಬೀಗದ ಕೈ ಎಂದು ಮಕ್ಕಳೂ ತಿಳಿಯಬೇಕು. ಆ ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಕಡ್ಡಾಯ. ಕ್ಯಾಂಪಿನ ಗೆಳೆಯನ ಫೋನಿನಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ ಅದಕ್ಕೆ ಲಾಗಿನ್ ಆಗಬಾರದು. ತಂತ್ರಾಂಶ ಕಂಪನಿಗಳ ಮನೆಗೂ ಕನ್ನ ಬೀಳುತ್ತದೆ: 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ತನ್ನ ಸರ್ವರುಗಳಿಗೆ ನುಸುಳಿದ್ದಾರೆಂದು ಒಪ್ಪಿಕೊಂಡು ಗ್ರಾಹಕರ ಪೋರ್ಟಲ್ ಪಾಸ್‌ವರ್ಡುಗಳನ್ನು ರದ್ದುಮಾಡಿತು, ಜೂನ್‌ನಲ್ಲಿ ಟೀಮ್‌ವ್ಯೂವರ್ ತನ್ನ ಆಂತರಿಕ ಜಾಲಕ್ಕೆ ನುಗ್ಗಿದ್ದನ್ನು ಪ್ರಕಟಿಸಿತು. ಆ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ಹಳೆ ಯಂತ್ರವನ್ನು ಹಾಗೇ ಇಂಟರ್ನೆಟ್ಟಿಗೆ ಬಿಟ್ಟು ಹೋಗುವ ಮೊದಲು ಯೋಚಿಸಿ. ವಿಪಿಎನ್ ಹಾಕಿ ಮಾಡೋಣ ಎನ್ನುವ ಗಲ್ಫ್‌ನ ಗೆಳೆಯರು ತಾವಿರುವ ದೇಶದ ಕಾನೂನು ನೋಡಿಕೊಂಡೇ ಮುಂದುವರಿಯಲಿ.

ಮನೆಯಲ್ಲಿರುವ ನಿಮಗೂ ಒಂದು ಮಾತು. ಮಗ ಒಳಗೆ ಬಂದಾಗ ನಿಮಗೆ ಗೊತ್ತಾಗಬೇಕು. ಬರುವ ಮೊದಲು ಫೋನ್ ಮಾಡು ಎಂದು ಕೇಳುವ ಹಕ್ಕು ನಿಮ್ಮದು. ಅಪ್ಪ ತಮ್ಮ ಹಳೆಯ ಪತ್ರಗಳನ್ನು, ಅತ್ತಿಗೆ ತನ್ನ ಬರಹವನ್ನು ಆ ಕಂಪ್ಯೂಟರಿನಲ್ಲಿ ಇಟ್ಟಿರಬಹುದು, ಪ್ರೀತಿಯ ಹೆಸರಿನಲ್ಲಿ ಅದನ್ನು ನೋಡುವ ಅಧಿಕಾರ ಯಾರಿಗೂ ಇಲ್ಲ. ಬೇಡವೆನಿಸಿದ ದಿನ ಹಳದಿ ಟೇಪಿನ ಪ್ಲಗ್ ಕಿತ್ತಿಡಿ. ಅಪ್ಪಿತಪ್ಪಿ ಯಾರಿಗಾದರೂ ಸಂಖ್ಯೆ ಹೇಳಿ ಹಣ ಹೋದರೆ ಮಗನ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಮೊದಲು 1930ಕ್ಕೆ ಫೋನ್, ಆಮೇಲೆ ಬ್ಯಾಂಕು, ಆಮೇಲೆ ಮಗ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈ ಸಲ ರಜೆಗೆ ಬಂದ ಮಗನಿಂದ ಒಂದು ಪರೀಕ್ಷೆ ಮಾಡಿಸಿ. ಕಂಪ್ಯೂಟರ್ ಓಡುತ್ತಿರುವಾಗಲೇ ಮನೆಯ ಮೇನ್ ಸ್ವಿಚ್ ಇಳಿಸಲಿ. ಇನ್ವರ್ಟರ್ ಇದ್ದರೆ ಅದನ್ನೂ ಆರಿಸಲಿ. ಹತ್ತು ನಿಮಿಷ ಬಿಟ್ಟು ಏರಿಸಿ, ತಾನು ರಸ್ತೆಗೆ ಹೋಗಿ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಳಗೆ ಬರಲು ನೋಡಲಿ. ನೀವು ಯಾರೂ ಏನನ್ನೂ ಮುಟ್ಟಬಾರದು. ಮೂರು ಸಲ ಮಾಡಿ ಮೂರು ಸಲವೂ ಬಂದರೆ ಸರಿ. ಅಲ್ಲಿಂದಲೇ ಒಮ್ಮೆ ರೀಸ್ಟಾರ್ಟ್ ಕೊಟ್ಟು ಮತ್ತೆ ಬರುತ್ತದೆಯೇ ಎಂದೂ ನೋಡಲಿ. ರೀಸ್ಟಾರ್ಟ್ ಪಕ್ಕದಲ್ಲೇ ಇರುವ ಶಟ್‌ಡೌನ್ ಒತ್ತಿದರೆ ಯಾರಾದರೂ ಬಂದು ಗುಂಡಿ ಒತ್ತುವವರೆಗೆ ಅಥವಾ ಪ್ಲಗ್ ಕಿತ್ತು ಹಾಕುವವರೆಗೆ ಅದು ಏಳದು ಎಂಬುದೂ ಆಗಲೇ ಅರ್ಥವಾಗುತ್ತದೆ. ಇದಕ್ಕೆಲ್ಲ ಅರ್ಧ ದಿನ ಬೇಕು. ಉಪ್ಪಿನಕಾಯಿ ಡಬ್ಬಕ್ಕೆ ಟೇಪು ಸುತ್ತುವ, ಸೂಟ್‌ಕೇಸ್ ತೂಗುವ ದಿನಕ್ಕೆ ಇಟ್ಟುಕೊಳ್ಳಬೇಡಿ.